ಹೆಬ್ಬಾಳದಲ್ಲಿ ಇನ್‌ಕೊನೆಲ್: ಟೂಲ್ ಕೆಟ್ಟು ಹೋಗುವುದು ಎಲ್ಲಿಂದ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಶೆಡ್‌ನಲ್ಲಿ ಸಾಮಾನ್ಯವಾಗಿ ಲೇತ್ ಮೇಲೆ ತಿರುಗುವುದು ಉಕ್ಕಿನ ದರ್ಜೆಗಳಾದ ಇಎನ್8, ಇಎನ್24, ಒಮ್ಮೊಮ್ಮೆ ಎಸ್‌ಎಸ್ 316. ಈ ಬಾರಿ ಬೆಂಗಳೂರಿನ ಗ್ರಾಹಕರೊಬ್ಬರಿಂದ ಬಂದದ್ದು ಇನ್‌ಕೊನೆಲ್ 718 ಎಂಬ, ಬಿಸಿ ತಾಳುವ ನಿಕ್ಕಲ್ ಮಿಶ್ರಲೋಹದ ಫೋರ್ಜಿಂಗ್ (ಬಡಿದು ರೂಪ ಕೊಟ್ಟ) ಉಂಗುರಗಳು. ಹೊರವ್ಯಾಸ 100 ಮಿ.ಮೀ., ಒಳವ್ಯಾಸ 64, ಉದ್ದ 43. ಅದರಿಂದ ಆಗಬೇಕಾದದ್ದು ಫ್ಲ್ಯಾಂಜ್ (ಅಗಲವಾದ ಅಂಚುಪಟ್ಟಿ) ಇರುವ ಸ್ಲೀವ್, ಅಂದರೆ ತೋಳಿನಂಥ ಕೊಳವೆ: ಫ್ಲ್ಯಾಂಜ್ 96 ವ್ಯಾಸ, 8 ದಪ್ಪ, ಉಳಿದ ಮೈ 84 ವ್ಯಾಸ, ಬೋರ್ (ಒಳತೂತು) 70 ಎಚ್‌7, ಅಂದರೆ ಅಳತೆ ತಪ್ಪಬಹುದಾದದ್ದು ಮೇಲಕ್ಕೆ 30 ಮೈಕ್ರಾನ್, ಕೆಳಕ್ಕೆ ಸೊನ್ನೆ, ಒಟ್ಟು ಉದ್ದ 40, ಫ್ಲ್ಯಾಂಜ್‌ನಲ್ಲಿ 6.6ರ ಆರು ತೂತು. ನಕ್ಷೆ ನೋಡಿದರೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಜೊತೆಗಿದ್ದ ಪ್ರಮಾಣಪತ್ರದಲ್ಲಿ ಎಎಂಎಸ್ 5663 ಎಂಬ ವಿಮಾನೋದ್ಯಮದ ಲೋಹ ಮಾನದಂಡದ ಹೆಸರಿತ್ತು. ಆಗಲೇ ಏಜಿಂಗ್ (ಬಿಸಿಯಲ್ಲಿಟ್ಟು ಗಡಸು ಮಾಡುವುದು) ಆಗಿ ಪೂರ್ತಿ ಬಲ ಪಡೆದ ಸ್ಥಿತಿಯ ಲೋಹ ಎಂದು ಅದರ ಅರ್ಥ. ನಮ್ಮ ಗಡಸುತನದ ಯಂತ್ರದಲ್ಲಿ 42 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ) ತೋರಿಸಿತು.

ಲೋಹ ಅವರದು, ಕೂಲಿ ನಮ್ಮದು. ಒಂದು ಉಂಗುರ ಕೆಟ್ಟರೆ ಹಲವು ಉಂಗುರಗಳ ಕೂಲಿ ಹೋಗುತ್ತದೆ. ಸೆಟ್ಟಿಂಗ್‌ಗೆಂದು (ಯಂತ್ರ ಹೊಂದಿಸಿ ನೋಡಲು) ಅವರು ಒಂದು ಹೆಚ್ಚುವರಿ ಉಂಗುರ ಕೊಟ್ಟಿದ್ದರು. ಮುಂದೆ ಬರೆದಿರುವುದರಲ್ಲಿ ಅರ್ಧ ಪಾಠ ಆ ಒಂದು ಉಂಗುರದ ಮೇಲೆ ಕಲಿತದ್ದು.

ಈ ಲೋಹದಲ್ಲಿ ಅರ್ಧಕ್ಕಿಂತ ಹೆಚ್ಚು ನಿಕ್ಕಲ್, ಐದನೆಯ ಒಂದು ಭಾಗದಷ್ಟು ಕ್ರೋಮಿಯಂ, ಶೇ. 5ರಷ್ಟು ನಯೋಬಿಯಂ, ಶೇ. 3ರಷ್ಟು ಮಾಲಿಬ್ಡಿನಂ, ಸ್ವಲ್ಪ ಟೈಟಾನಿಯಂ ಮತ್ತು ಅಲ್ಯೂಮಿನಿಯಂ, ಉಳಿದದ್ದು ಕಬ್ಬಿಣ. ಮಾನದಂಡ ಕೇಳುವ ಕನಿಷ್ಠ ಯೀಲ್ಡ್ ಬಲ (ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡ) ಕೋಣೆಯ ಉಷ್ಣತೆಯಲ್ಲಿ ಸುಮಾರು 1034 ಮೆಗಾಪಾಸ್ಕಲ್. 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 862. ತೊಂದರೆಯೆಲ್ಲ ಈ ಎರಡು ಅಂಕಿಗಳಲ್ಲೇ ಇದೆ. ಉಕ್ಕನ್ನು ಕೊರೆಯುವಾಗ ಬಿಸಿಗೆ ಉಕ್ಕೇ ಮೆತ್ತಗಾಗಿ ನಮಗೆ ನೆರವಾಗುತ್ತದೆ. ಇದು ಮೆತ್ತಗಾಗುವುದಿಲ್ಲ, ಬಿಸಿಯಲ್ಲಿ ನಿಲ್ಲಲೆಂದೇ ಇದನ್ನು ಮಾಡಿದ್ದಾರೆ. ಮೇಲಾಗಿ ಇದರ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ 11 ವ್ಯಾಟ್ ಆಸುಪಾಸು. ಸಾದಾ ಕಾರ್ಬನ್ ಉಕ್ಕಿನದು ಸುಮಾರು 50. ಉಕ್ಕಿನಲ್ಲಿ ಹುಟ್ಟಿದ ಶಾಖದ ಬಹುಪಾಲು ಚಿಪ್ (ಕತ್ತರಿಸಿ ಬರುವ ಲೋಹದ ಸುರುಳಿ) ಹೊತ್ತುಕೊಂಡು ಹೋಗುತ್ತದೆ, ಇಲ್ಲಿ ಅದರ ದೊಡ್ಡ ಪಾಲು ಟೂಲ್‌ನ ಅಂಚಿನಲ್ಲೇ ಉಳಿಯುತ್ತದೆ.

ಯಂತ್ರದ ಲೋಡ್ ಮೀಟರ್ ನೋಡಿ ಕೆಲಸ ಅಳೆಯುವ ಅಭ್ಯಾಸವಿದ್ದವರಿಗೆ ಇಲ್ಲಿ ಒಂದು ಲೆಕ್ಕ ಬೇಕು. ಆಳ 1.5 ಮಿ.ಮೀ., ಫೀಡ್ (ಒಂದು ಸುತ್ತಿಗೆ ಟೂಲ್ ಸರಿಯುವ ದೂರ) 0.28, ವೇಗ ನಿಮಿಷಕ್ಕೆ 45 ಮೀಟರ್ ಎಂದಿಟ್ಟುಕೊಳ್ಳೋಣ. ಚಿಪ್‌ನ ಅಡ್ಡಕೊಯ್ತದ ಚದರ ಮಿಲಿಮೀಟರಿಗೆ 3000 ನ್ಯೂಟನ್ ಹಿಡಿದರೆ ಕತ್ತರಿಸುವ ಬಲ 1260 ನ್ಯೂಟನ್, ಶಕ್ತಿ ಒಂದು ಕಿಲೋವ್ಯಾಟ್‌ಗಿಂತ ಸ್ವಲ್ಪ ಕಡಿಮೆ. ಅದೇ ಚಿಪ್ ಅನ್ನು ಉಕ್ಕಿನಲ್ಲಿ 220 ಮೀಟರ್ ವೇಗದಲ್ಲಿ ತೆಗೆದರೆ ಮೂರು ಕಿಲೋವ್ಯಾಟ್ ಬೇಕು. ಮೀಟರಿನ ಪ್ರಕಾರ ಇನ್‌ಕೊನೆಲ್ ಹಗುರ. ಆದರೆ ಆ 1260 ನ್ಯೂಟನ್, ಸರಿಸುಮಾರು 125 ಕೆ.ಜಿ. ಭಾರ, ಎರಡು ಮಿಲಿಮೀಟರ್ ಉದ್ದದ ಬಿಸಿ ಅಂಚಿನ ಮೇಲೆ ಬಿಡುವಿಲ್ಲದೆ ಕೂತಿರುತ್ತದೆ. ಮೀಟರ್ ಅದನ್ನು ಹೇಳುವುದಿಲ್ಲ.

ಟೂಲ್ ಆರಿಸುವಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಕೋಟಿಂಗ್, ಅಂದರೆ ಅಂಚಿನ ಮೇಲಿನ ಲೇಪನ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಈ ಕೆಲಸದಲ್ಲಿ ಟೂಲ್ ಎಲ್ಲಿಂದ ಕೆಟ್ಟು ಹೋಗುತ್ತದೆ? ಮೂಗಿನಿಂದಲೋ (ತುದಿಯಿಂದಲೋ), ಕೆಲಸಕ್ಕೆ ಉಜ್ಜುವ ಪಕ್ಕದ ಮೈಯಿಂದಲೋ, ಕಡಿತದ ಆಳದ ಗೆರೆಯಿಂದಲೋ? ಅದನ್ನು ಕಣ್ಣಾರೆ ನೋಡಲು, ಹೋಲ್ಡರ್‌ಗೆ ಸಿಕ್ಕಿಸುವ ಕತ್ತರಿಸುವ ತುಣುಕುಗಳಾದ ಮೂರು ಬಗೆಯ ಇನ್ಸರ್ಟ್‌ಗಳನ್ನು ಸೆಟ್ಟಿಂಗ್ ಉಂಗುರದ ಮೇಲೆ ಓಡಿಸಿದೆವು. ಮೂರೂ ಸಿಎನ್‌ಎಂಜಿ 120408 ಆಕಾರ, ಒಂದೇ ಹೋಲ್ಡರ್, ಆಳ 1.5, ಫೀಡ್ 0.2. ಮೊಬೈಲ್‌ಗೆ ಜೋಡಿಸುವ ಪುಟ್ಟ ಸೂಕ್ಷ್ಮದರ್ಶಕದಿಂದ ಪ್ರತಿ ಪಾಸ್ (ಟೂಲ್‌ನ ಒಂದು ಸಲದ ಓಟ) ಆದ ಮೇಲೆ ಅಂಚಿನ ಚಿತ್ರ ತೆಗೆದೆವು.

ಮೊದಲನೆಯದು ಉಕ್ಕಿಗೆಂದು ಶೆಲ್ಫ್‌ನಲ್ಲಿದ್ದ ಸಿವಿಡಿ ಲೇಪನದ ಇನ್ಸರ್ಟ್. ಇದು ಉಳಿಯಲಾರದು ಎಂದು ಗೊತ್ತಿದ್ದೇ ಹಾಕಿದ್ದು. ಹೇಗೆ ಹೋಗುತ್ತದೆ ಎಂದು ನೋಡಬೇಕಿತ್ತು. ಒಂದು ಪಾಸ್ ಮುಗಿದಾಗ ಮೂಗು ಹೊಸದರಂತೆಯೇ ಇತ್ತು. ಆದರೆ ಅಲ್ಲಿಂದ ಒಂದೂವರೆ ಮಿಲಿಮೀಟರ್ ಮೇಲೆ, ಉಂಗುರದ ಹೊರಮೈ ಅಂಚಿಗೆ ತಾಗುವ ಗೆರೆಯಲ್ಲಿ, ಲೇಪನ ಸಿಪ್ಪೆಯಾಗಿ ಎದ್ದು ಬೂದು ಕಾರ್ಬೈಡ್ ಕಾಣುತ್ತಿತ್ತು. ಅಕ್ಕಪಕ್ಕ ನಿಕ್ಕಲ್ ಮೆತ್ತಿಕೊಂಡಿತ್ತು. ಸಿವಿಡಿ, ಅಂದರೆ ರಾಸಾಯನಿಕ ಆವಿಯಿಂದ ಹಚ್ಚುವ ಲೇಪನ, ಕೂರುವುದು ಸುಮಾರು ಸಾವಿರ ಡಿಗ್ರಿಯ ಕುಲುಮೆಯಲ್ಲಿ. ದಪ್ಪ ಹತ್ತು ಮೈಕ್ರಾನ್ ದಾಟುವುದು ಸಾಮಾನ್ಯ. ತಣ್ಣಗಾಗುವಾಗ ಲೇಪನ ಕಾರ್ಬೈಡ್‌ಗಿಂತ ಹೆಚ್ಚು ಕುಗ್ಗಲು ಹೋಗಿ ಎಳೆತದಲ್ಲೇ ಉಳಿಯುತ್ತದೆ. ಅಷ್ಟು ದಪ್ಪ ಲೇಪನ ನಿಲ್ಲಬೇಕಾದರೆ ಅಂಚನ್ನು ಮೊದಲೇ ದುಂಡಗೆ ಉಜ್ಜಿರಬೇಕು. ದುಂಡಾದ ಅಂಚು ಈ ಲೋಹವನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಒತ್ತುತ್ತದೆ, ಒತ್ತಿದಷ್ಟೂ ಲೋಹ ಗಡಸಾಗುತ್ತದೆ. ಅಂಟಿದ ನಿಕ್ಕಲ್ ಕಿತ್ತು ಹೋಗುವಾಗ ಲೇಪನವನ್ನೂ ಜೊತೆಗೆ ಕಿತ್ತುಕೊಂಡು ಹೋಗುತ್ತದೆ.

ಎರಡನೆಯದು ಲೇಪನವೇ ಇಲ್ಲದ, ಸಣ್ಣ ಕಣದ ಕಾರ್ಬೈಡ್. ಇದನ್ನು 30 ಮೀಟರ್ ವೇಗದಲ್ಲಿ ಓಡಿಸಿದೆವು. ಕಚ್ಚು ಬೀಳಲಿಲ್ಲ, ಸಿಪ್ಪೆ ಏಳಲಿಲ್ಲ. ಪಕ್ಕದ ಮೈ ಮಾತ್ರ ಉದ್ದಕ್ಕೂ ಸಮನಾಗಿ ಸವೆಯಿತು. ಹಳೆಯ ಕಾಲದ, ನಂಬಬಹುದಾದ ಸಾವು. ಲೇತ್ ಹಳೆಯದಾಗಿದ್ದರೆ, ಅವಸರವಿಲ್ಲದಿದ್ದರೆ, ಇದನ್ನೇ ಹಾಕಿ ಎಂದು ಯಾರಿಗಾದರೂ ಹೇಳುತ್ತೇನೆ. ನಮಗೆ ವೇಗ ಸಾಲದು.

ಮೂರನೆಯದು ಪಿವಿಡಿ (ಭೌತಿಕ ಆವಿ ಲೇಪನ) ವಿಧಾನದಲ್ಲಿ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಲೇಪಿಸಿದ್ದು. ಇದು 500 ಡಿಗ್ರಿಯ ಆಸುಪಾಸಿನಲ್ಲೇ ಕೂರುವ ಲೇಪನ, ದಪ್ಪ ಎರಡರಿಂದ ನಾಲ್ಕು ಮೈಕ್ರಾನ್. ತೆಳುವಾದ್ದರಿಂದ ಅಂಚು ಚೂಪಾಗಿಯೇ ಉಳಿಯುತ್ತದೆ. ಲೇಪನ ಒಳಮುಖ ಒತ್ತಡದಲ್ಲಿರುವುದರಿಂದ ಬಿರುಕು ಬಿಡುವುದು ಕಡಿಮೆ. ಬಿಸಿಯಾದಾಗ ಮೇಲ್ಮೈಯ ಅಲ್ಯೂಮಿನಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತೆಳುವಾದ ಅಲ್ಯೂಮಿನಾ ಪದರವಾಗುತ್ತದೆ. ಹಳದಿ ಬಣ್ಣದ ಹಳೆಯ ಟೈಟಾನಿಯಂ ನೈಟ್ರೈಡ್ 600 ಡಿಗ್ರಿಯ ಹೊತ್ತಿಗೆ ಉತ್ಕರ್ಷಣೆಗೊಂಡು ಕೈ ಚೆಲ್ಲಿದರೆ, ಇದು 800 ದಾಟಿಯೂ ತಾಳುತ್ತದೆ. 45 ಮೀಟರ್ ವೇಗದಲ್ಲಿ ಪಕ್ಕದ ಸವೆತ ನಿಧಾನವಾಗಿ, ಸಮನಾಗಿ ಬೆಳೆಯಿತು. ಆದರೂ ಕೊನೆಗೆ ಹೋದದ್ದು ಅದೇ ಆಳದ ಗೆರೆಯಿಂದ. ಸಿವಿಡಿಯಲ್ಲಿ ಒಂದೇ ಪಾಸ್‌ಗೆ ಬಂದ ಸಾವು ಇಲ್ಲಿ ತಡವಾಗಿ ಬಂತು, ಅಷ್ಟೆ.

ಹಾಗೆಂದು ಸಿವಿಡಿ ಈ ಲೋಹಕ್ಕೆ ಆಗದು ಎನ್ನಲಾರೆ. ಉಷ್ಣನಿರೋಧಕ ಲೋಹಗಳಿಗೆಂದೇ ಮಾಡಿದ, ತೆಳು ಲೇಪನದ ಸಿವಿಡಿ ದರ್ಜೆಗಳಿವೆ. ತಡೆಯಿಲ್ಲದ ಉದ್ದದ ಕಡಿತಕ್ಕೆ, ದುಂಡು ಇನ್ಸರ್ಟ್ ಅಥವಾ ಓರೆ ಹೋಲ್ಡರ್ ಜೊತೆ ಚೆನ್ನಾಗಿ ಓಡುತ್ತವೆ. ಸೆರಾಮಿಕ್ ಇನ್ಸರ್ಟ್‌ಗಳಂತೂ 200ರಿಂದ 300 ಮೀಟರ್ ವೇಗದಲ್ಲಿ ಇದನ್ನು ಕತ್ತರಿಸುತ್ತವೆ. ನಮ್ಮ ಚಿಕ್ಕ ಟರ್ನಿಂಗ್ ಸೆಂಟರಿಗೂ ಏಳು ಮಿಲಿಮೀಟರ್ ಗೋಡೆಯ ಸ್ಲೀವ್‌ಗೂ ಅದು ಬೇಡ ಎಂದು ನಿರ್ಧರಿಸಿದೆವು.

ವೇಗವನ್ನು 60ಕ್ಕೆ ಏರಿಸಿಯೂ ನೋಡಿದೆವು. ಮೂಗು ಬಿಸಿಗೆ ಕುಸಿದು ಆಕಾರ ಕಳೆದುಕೊಂಡಿತು. ವೇಗಕ್ಕೂ ಟೂಲ್‌ನ ಆಯಸ್ಸಿಗೂ ನಂಟು ಹೇಳುವ ಟೇಲರ್ ಸೂತ್ರದಲ್ಲಿ ಘಾತವನ್ನು ಕಾಲು ಎಂದು ಹಿಡಿದರೆ, ವೇಗ ಮೂರನೆಯ ಒಂದು ಭಾಗ ಹೆಚ್ಚಾದಾಗ ಟೂಲ್‌ನ ಆಯಸ್ಸು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆಸೆ ಬಿಟ್ಟು 45ಕ್ಕೇ ಬಂದೆವು. 100 ವ್ಯಾಸಕ್ಕೆ ಅದು ನಿಮಿಷಕ್ಕೆ 143 ಸುತ್ತು. ಪಕ್ಕದ ಶೆಡ್‌ನವರು ಬಂದು ನಿಂತು, "ಸಾರ್, ಯಂತ್ರ ಕೆಟ್ಟಿದೆಯೇ?" ಎಂದು ಕೇಳುವಷ್ಟು ನಿಧಾನ.

ಇನ್ನು ಆ ಗೆರೆಯ ವಿಚಾರ. ಹಿಂದಿನ ಪಾಸ್ ಬಿಟ್ಟುಹೋದ ಗಡಸು ಚರ್ಮ ಅಂಚಿಗೆ ತಾಗುವುದು ಒಂದೇ ಬಿಂದುವಿನಲ್ಲಿ. ಚಿಪ್‌ನ ಹೊರ ಅಂಚು, ಗಡಸು ಚರ್ಮ, ಗಾಳಿ ಮೂರೂ ಅಲ್ಲಿ ಸೇರುತ್ತವೆ. ಹಗ್ಗ ಎಳೆದೂ ಎಳೆದೂ ಬಾವಿಕಟ್ಟೆಯ ಕಲ್ಲಿನಲ್ಲಿ ತೋಡು ಬೀಳುವ ಹಾಗೆ ಅಲ್ಲಿ ಕಚ್ಚು ಬೀಳುತ್ತದೆ. ಕಚ್ಚು ಆಳವಾದರೆ ಅಂಚು ಅಲ್ಲಿಂದ ಮುರಿಯುತ್ತದೆ, ಮುರಿದ ಅಂಚು ಕೆಲಸದ ಮೈಯನ್ನು ಹರಿಯುತ್ತದೆ. ಇದನ್ನು ಯಾವ ಲೇಪನವೂ ಒಂಟಿಯಾಗಿ ನಿಲ್ಲಿಸಲಾರದು. ಆದ್ದರಿಂದ ದುಡ್ಡು ಹಾಕಿದ್ದು ಹೋಲ್ಡರ್‌ಗೆ.

ಒರಟು ಕೆಲಸಕ್ಕೆ ಎಸ್‌ಎನ್‌ಎಂಜಿ 120408, 45 ಡಿಗ್ರಿ ಹೋಲ್ಡರ್, ಅದೇ ಪಿವಿಡಿ ದರ್ಜೆ. ಅಂಚು ಓರೆಯಾಗಿ ನಿಂತಾಗ ಚಿಪ್ ಅಗಲವಾಗಿ ಹರಡುತ್ತದೆ, ದಪ್ಪ ಫೀಡ್‌ನ 0.7 ಪಟ್ಟಿಗೆ ಇಳಿಯುತ್ತದೆ. ಫೀಡ್ ಅನ್ನು 0.2ರಿಂದ 0.28ಕ್ಕೆ ಏರಿಸಿದರೂ ಚಿಪ್ ದಪ್ಪ ಸುಮಾರು 0.2 ಮಾತ್ರ. ಕೆಲಸ ಬೇಗ ಆಗುತ್ತದೆ, ಅಂಚಿಗೆ ಭಾರ ಹೆಚ್ಚುವುದಿಲ್ಲ. ಗಡಸು ಚರ್ಮವೂ ಒಂದು ಬಿಂದುವಿನ ಬದಲು ಅಂಚಿನ ಉದ್ದದ ಮೇಲೆ ಹಂಚಿಹೋಗುತ್ತದೆ. ಚೌಕ ಇನ್ಸರ್ಟ್‌ಗೆ ಎರಡೂ ಬದಿ ಸೇರಿ ಎಂಟು ಮೂಲೆ. ಸಿಎನ್‌ಎಂಜಿಯಲ್ಲಿ ಈ ಕೆಲಸಕ್ಕೆ ಬರುವುದು ನಾಲ್ಕೇ. ದರದ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ. ಬದಲಿಗೆ ಕೊಡಬೇಕಾದ ಬೆಲೆ ಎಂದರೆ ಕೆಲಸವನ್ನು ಅಡ್ಡಕ್ಕೆ ತಳ್ಳುವ ಬಲ ಹೆಚ್ಚುತ್ತದೆ. ಒರಟು ಹಂತದಲ್ಲಿ ಉಂಗುರದ ಗೋಡೆ ದಪ್ಪವಿರುವಾಗಲೇ ಇದನ್ನು ಮುಗಿಸುವುದರಿಂದ ನಡುಕ ಬರಲಿಲ್ಲ. ಫ್ಲ್ಯಾಂಜ್ ಬದಿಯ ಮೂಲೆಯಲ್ಲಿ ಉಳಿಯುವ ಇಳಿಜಾರನ್ನು ಆಮೇಲೆ ಸಿಎನ್‌ಎಂಜಿ ತೆಗೆಯುತ್ತದೆ.

ಎರಡನೆಯ ಉಪಾಯಕ್ಕೆ ಕಾಸೂ ಖರ್ಚಿಲ್ಲ. ಪ್ರತಿ ಪಾಸ್‌ನ ಆಳ ಬದಲಿಸುವುದು. ಮೈಯ ಮೇಲೆ ತ್ರಿಜ್ಯದಲ್ಲಿ 7.4 ಮಿ.ಮೀ. ತೆಗೆಯಬೇಕಿತ್ತು. ಸಮನಾಗಿ ಹಂಚದೆ 2.0, 1.7, 1.5, 1.2, 1.0 ಎಂದು ಇಳಿಸುತ್ತಾ ಹೋದೆವು. ಗೆರೆ ಪ್ರತಿ ಸಲವೂ ಅಂಚಿನ ಬೇರೆ ಜಾಗಕ್ಕೆ ಬೀಳುತ್ತದೆ. ಯಂತ್ರದಲ್ಲೇ ಸಿಗುವ ಸಿದ್ಧ ಸೈಕಲ್ ಬಳಸಿದರೆ ಆಳ ಅದಕ್ಕೆ ಬೇಕಾದಂತೆ ಬರುತ್ತದೆ, ಆದ್ದರಿಂದ ಪ್ರೋಗ್ರಾಮನ್ನು ಸಾಲು ಸಾಲಾಗಿ ಕೈಯಲ್ಲೇ ಬರೆದೆವು. ಟೂಲ್ ಒಳಹೋಗುವ ತುದಿಯಲ್ಲಿ ಮೊದಲೇ 45 ಡಿಗ್ರಿ ಚೇಂಫರ್ (ಓರೆ ಅಂಚು) ಹಾಕಿದರೆ ಹೊಡೆತವಿಲ್ಲದೆ ಪ್ರವೇಶವಾಗುತ್ತದೆ, ಅದನ್ನೂ ಸೇರಿಸಿದೆವು.

ಕಚ್ಚು ಬೀಳುತ್ತಿದೆ ಎಂದು ತಿಳಿಯಲು ಸೂಕ್ಷ್ಮದರ್ಶಕ ಬೇಕಿಲ್ಲ ಎಂಬುದು ನಮ್ಮ ಹಿರಿಯ ಆಪರೇಟರ್ ಕಂಡುಹಿಡಿದದ್ದು. ಕಡಿತದ ಹೊರ ಅಂಚಿನಲ್ಲಿ ಎದ್ದು ನಿಲ್ಲುವ ಬರ್ (ಲೋಹದ ಚೂಪು ಏಣು) ನೋಡಿದರೆ ಸಾಕು. ಅಂಚು ಸರಿಯಿರುವಾಗ ಬರ್ ಇಲ್ಲವೆನ್ನುವಷ್ಟು ಕಡಿಮೆ. ಕಚ್ಚು ಬೆಳೆದಂತೆ ಬರ್ ದಪ್ಪವಾಗುತ್ತದೆ, ಕಚ್ಚಿನೊಳಗೆ ನುಗ್ಗಿದ ಲೋಹ ಕತ್ತರಿಸದೆ ಹೊರಗೆ ಉಕ್ಕುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಲು ಮಿಲಿಮೀಟರ್ ಕಚ್ಚು ಕಂಡಾಗಲೆಲ್ಲ ಅವರು ಬರ್ ನೋಡಿಯೇ ಮೂಲೆ ಬದಲಿಸಲು ಕೈ ಹಾಕಿರುತ್ತಿದ್ದರು.

ಕೊನೆಗೆ ನಿಂತ ನಿಯಮ: ಒಂದು ಸ್ಲೀವ್‌ನ ಹೊರಮೈ ಒರಟು ಕೆಲಸಕ್ಕೆ ಒಂದು ಮೂಲೆ. ಚೆನ್ನಾಗಿ ಕಂಡರೂ ಬದಲಿಸುವುದು. ಆ ಮೂಲೆ ಇನ್ನರ್ಧ ಸ್ಲೀವ್ ತೆಗೆಯಬಹುದಿತ್ತು, ನಿಜ. ಆದರೆ ಅದು ಹೋಗುವುದು ಎರಡನೆಯ ಸ್ಲೀವ್‌ನ ನಡುವೆ. ಕಡಿತದ ನಡುವೆ ಅಂಚು ಮುರಿದರೆ ಇನ್ಸರ್ಟ್ ಅಡಿಯ ಶಿಮ್, ಕೆಲವೊಮ್ಮೆ ಹೋಲ್ಡರ್, ದುರದೃಷ್ಟವಿದ್ದರೆ ಉಂಗುರವೂ ಹೋಗುತ್ತದೆ. ಅರ್ಧ ಮೂಲೆ ಉಳಿಸಿದ ಲಾಭ ಅದರ ಮುಂದೆ ಏನೂ ಅಲ್ಲ.

ಕೂಲೆಂಟ್ ವಿಷಯದಲ್ಲಿ ದೊಡ್ಡ ಕಾರ್ಖಾನೆಗಳಂತೆ 70 ಬಾರ್ ಒತ್ತಡದ ಪಂಪ್ ನಮ್ಮಲ್ಲಿಲ್ಲ. ಇದ್ದ ಪಂಪನ್ನೇ ಇಟ್ಟುಕೊಂಡು, ತಾಮ್ರದ ಕೊಳವೆಯ ತುದಿಯನ್ನು ಚಪ್ಪಟೆಯಾಗಿ ಬಡಿದು ಎರಡು ಮೂತಿ ಮಾಡಿದೆವು. ಒಂದು ಮೇಲಿನಿಂದ ಚಿಪ್ ಮತ್ತು ಇನ್ಸರ್ಟ್ ನಡುವಿಗೆ, ಇನ್ನೊಂದು ಕೆಳಗಿನಿಂದ ಪಕ್ಕದ ಮೈಗೆ. ಕೆಳಗಿನದನ್ನು ಬಹಳ ಮಂದಿ ಹಾಕುವುದಿಲ್ಲ, ಪಕ್ಕದ ಸವೆತದಲ್ಲಿ ಅದರ ಫಲ ಎದ್ದು ಕಾಣುತ್ತದೆ. ಎಣ್ಣೆಯ ಸಾಂದ್ರತೆಯನ್ನು ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ ಶೇ. 8ರಿಂದ 10ರ ನಡುವೆ ಇಟ್ಟೆವು. ಬೋರ್‌ವೆಲ್‌ನ ಗಡಸು ನೀರಿಗೆ ಎಣ್ಣೆ ಒಡೆದು ಮೇಲೆ ಕೆನೆ ಕಟ್ಟುವುದರಿಂದ ಈ ಕೆಲಸಕ್ಕೆ ಆರ್‌ಓ ನೀರನ್ನೇ ಬೆರೆಸಿದೆವು. ಧಾರೆ ಬಿಟ್ಟು ಬಿಟ್ಟು ಬೀಳಬಾರದು. ಕೆಂಡದಂಥ ಅಂಚಿಗೆ ಆಗಾಗ ತಣ್ಣೀರು ಬಿದ್ದರೆ ಕಾರ್ಬೈಡ್ ಅಡ್ಡಡ್ಡ ಬಿರುಕು ಬಿಡುತ್ತದೆ.

ಫಿನಿಷಿಂಗ್‌ಗೆ ಬಂದಾಗ ಜಗಳವಾಯಿತು. ಉಕ್ಕಿನಲ್ಲಿ ಅಳತೆ ತರಲು ಆಪರೇಟರ್‌ಗಳು ಕೊನೆಯಲ್ಲಿ ಆಳ ಕೊಡದೆ ಅದೇ ದಾರಿಯಲ್ಲಿ ಇನ್ನೊಮ್ಮೆ ಟೂಲ್ ಓಡಿಸುತ್ತಾರೆ. ಖಾಲಿ ಪಾಸ್. ಇಲ್ಲಿ ಅದು ಬೇಡ ಎಂದೆ.

"ಸಾರ್, ಇಷ್ಟು ವರ್ಷ ಖಾಲಿ ಪಾಸ್ ಕೊಟ್ಟೇ ಎಚ್‌7 ತಂದಿದ್ದೇನೆ. ಅದಿಲ್ಲದೆ ಅಳತೆ ನಿಲ್ಲುವುದು ಹೇಗೆ?"

"ಅಣ್ಣ, ನೀವು ತಂದದ್ದು ಉಕ್ಕಿನಲ್ಲಿ. ಇದರ ಮೇಲೆ ಉಜ್ಜಿದರೆ ಮೈ ಗಡಸಾಗುತ್ತದೆ. ಮುಂದಿನ ಪಾಸ್‌ಗೆ ಆ ಚರ್ಮವೇ ಎದುರಾಗುತ್ತದೆ."

ಅವರು ಒಪ್ಪಿದ್ದು ಮಾತಿಗಲ್ಲ. ಸೆಟ್ಟಿಂಗ್ ಉಂಗುರದ ಒಂದು ಬದಿಯಲ್ಲಿ ಅವರ ರೀತಿಯಲ್ಲೇ ಖಾಲಿ ಪಾಸ್ ಕೊಟ್ಟು, ಆಮೇಲೆ 0.05 ಆಳ ಕೊಟ್ಟರು. ಟೂಲ್ ಕತ್ತರಿಸದೆ ಜಾರಿತು, ಮೈ ಕನ್ನಡಿಯಂತೆ ಹೊಳೆಯಿತು, ಅಳತೆ ಕದಲಲಿಲ್ಲ. ಮತ್ತೆ 0.05 ಕೊಟ್ಟಾಗ ಒಮ್ಮೆಲೇ ಕಚ್ಚಿ, ಕೊಟ್ಟದ್ದಕ್ಕಿಂತ ಹೆಚ್ಚು ತೆಗೆಯಿತು. "ಸರಿ, ನಿಮ್ಮ ದಾರಿಯನ್ನೇ ಬರೆಯಿರಿ" ಎಂದರು.

ಆ ದಾರಿ ಹೀಗೆ. ಒರಟು ಕೆಲಸದ ನಂತರ ಬದಿಗೆ 0.6 ಉಳಿಸುವುದು. ಅದನ್ನು 0.3, 0.3 ಎಂದು ಎರಡು ಸಮ ಪಾಸ್‌ಗಳಲ್ಲಿ, ಒಂದೇ ಟೂಲ್, ಒಂದೇ ವೇಗ, ಒಂದೇ ಫೀಡ್‌ನಲ್ಲಿ ತೆಗೆಯುವುದು. ಮೊದಲನೆಯ ಪಾಸ್‌ನಲ್ಲಿ ಟೂಲ್ ಎಷ್ಟು ಬಾಗಿತೋ ಎರಡನೆಯದರಲ್ಲೂ ಅಷ್ಟೇ ಬಾಗುತ್ತದೆ. ನಡುವೆ ಅಳೆದು ವ್ಯತ್ಯಾಸವನ್ನು ಆಫ್‌ಸೆಟ್‌ನಲ್ಲಿ ತುಂಬಿದರೆ ಅಳತೆ ತಾನಾಗಿ ಬರುತ್ತದೆ. ಫೀಡ್ 0.12ಕ್ಕಿಂತ ಕೆಳಗಿಳಿಸಲಿಲ್ಲ. ಪ್ರೋಗ್ರಾಮಿನಲ್ಲಿ ಟೂಲ್ ಲೋಹಕ್ಕೆ ತಾಗಿ ನಿಲ್ಲುವ ಡ್ವೆಲ್ ಎಲ್ಲಿದ್ದರೂ ಅಳಿಸಿದೆವು. ಕಡಿತದ ನಡುವೆ ಟೂಲ್‌ನ ಓಟ ನಿಲ್ಲಿಸುವ ಫೀಡ್ ಹೋಲ್ಡ್ ಗುಂಡಿ ಒತ್ತಬಾರದು ಎಂದು ಪ್ಯಾನಲ್ ಮೇಲೆ ಚೀಟಿ ಅಂಟಿಸಿದೆವು.

ಬೋರ್‌ಗೆ ಮುಂಚೆ ಉಂಗುರವನ್ನು ಚಕ್‌ನಿಂದ ಬಿಚ್ಚಿ ಬಿಡಬೇಕು. ಒಳಹೊರಗೆ ಒರಟು ಕೆಲಸ ಮುಗಿದಾಗ ಫೋರ್ಜಿಂಗ್‌ನ ಒಳ ಒತ್ತಡ ಸಡಿಲವಾಗಿ ಉಂಗುರ ತುಸು ಸೊಟ್ಟಗಾಗುತ್ತದೆ. ಸೊಟ್ಟಗಾಗುವುದಿದ್ದರೆ ಫಿನಿಷಿಂಗ್‌ಗೆ ಮೊದಲೇ ಆಗಲಿ. ಆಮೇಲೆ ಚಕ್ ಹಿಡಿಯುವ ಅಗಲವಾದ ಮೆತ್ತನೆ ದವಡೆಗಳನ್ನು (ಸಾಫ್ಟ್ ಜಾ) ಉಂಗುರದ ವ್ಯಾಸಕ್ಕೇ ಬೋರ್ ಮಾಡಿ, ಸುತ್ತಲೂ ಅಪ್ಪಿಕೊಳ್ಳುವಂತೆ ಹಿಡಿದೆವು. ಮೂರು ಕಿರಿದಾದ ದವಡೆಗಳಲ್ಲಿ ಬಿಗಿದು ಬೋರ್ ಮಾಡಿದರೆ ಚಕ್‌ನಲ್ಲಿ ದುಂಡಗಿರುವ ತೂತು ಬಿಚ್ಚಿದೊಡನೆ ಮೂರು ಮೂಲೆಯಾಗುತ್ತದೆ. ಎರಡು ಬಿಂದು ತಾಗುವ ಅಳತೆಯಲ್ಲಿ ಅದು ಕಾಣುವುದೂ ಇಲ್ಲ. ಮೂರು ಬಿಂದು ತಾಗುವ ಬೋರ್ ಮೈಕ್ರೋಮೀಟರನ್ನು ತಿರುಗಿಸಿ ತಿರುಗಿಸಿ ನೋಡಬೇಕು.

ಅಳೆಯುವುದಕ್ಕೆ ಅವಸರ ಮಾಡಬಾರದು. ಈ ಲೋಹ ಡಿಗ್ರಿಗೆ ಮೀಟರಿಗೆ 13 ಮೈಕ್ರಾನ್‌ನಷ್ಟು ಹಿಗ್ಗುತ್ತದೆ. ಉಂಗುರ ಗೇಜ್‌ಗಿಂತ 15 ಡಿಗ್ರಿ ಬಿಸಿಯಿದ್ದರೆ 70ರ ಬೋರ್‌ನಲ್ಲಿ 14 ಮೈಕ್ರಾನ್ ವ್ಯತ್ಯಾಸ. ನಮಗಿರುವ ಒಟ್ಟು ಅವಕಾಶವೇ 30. ಶಾಖ ನಿಧಾನಕ್ಕೆ ಹರಿಯುವ ಲೋಹವಾದ್ದರಿಂದ ಹೊರಗೆ ಕೈಗೆ ತಣ್ಣಗೆ ಸಿಕ್ಕರೂ ಒಳಗೆ ಬಿಸಿ ಇರುತ್ತದೆ. ಬೇಸಿಗೆಯ ಮೈಸೂರಿನಲ್ಲಿ ತಗಡಿನ ಛಾವಣಿಯ ಶೆಡ್ ಮಧ್ಯಾಹ್ನ ಹೇಗಿರುತ್ತದೆ ಎಂಬುದು ಇಲ್ಲಿ ದುಡಿದವರಿಗೆಲ್ಲ ಗೊತ್ತು. ಫಿನಿಷ್ ಬೋರ್ ಕೆಲಸವನ್ನೆಲ್ಲ ಬೆಳಗಿನ ಪಾಳಿಗೆ ಹಾಕಿ, ಮೊದಲ ಪಾಸ್ ಆದ ಮೇಲೆ ಕೂಲೆಂಟ್ ಸುರಿಸುತ್ತಾ ಚಕ್ ತಿರುಗಿಸಿ ತಣಿಸಿ, ಆಮೇಲೆ ಅಳೆದೆವು. ಕೊನೆಯ ಅಳತೆಯನ್ನು ಸರ್ಫೇಸ್ ಪ್ಲೇಟ್ ಮೇಲೆ ಉಂಗುರ, ಗೇಜ್, ಗೇಜ್ ಹೊಂದಿಸುವ ಮಾಸ್ಟರ್ ರಿಂಗ್ ಮೂರನ್ನೂ ಒಟ್ಟಿಗೆ ಇಟ್ಟು ತಣಿದ ಮೇಲೆ ತೆಗೆದುಕೊಂಡೆವು.

ಆರು ತೂತುಗಳ ಕಥೆ ಚಿಕ್ಕದು. ಮಿಲ್ಲಿಂಗ್ ಯಂತ್ರದಲ್ಲಿ 6.6ರ ಸಾಲಿಡ್ ಕಾರ್ಬೈಡ್ ಡ್ರಿಲ್, ಒಳಗಿನಿಂದ ಕೂಲೆಂಟ್, ವೇಗ 20 ಮೀಟರ್, ಸುತ್ತಿಗೆ 0.08 ಫೀಡ್. ಹತ್ತು ಸೆಕೆಂಡ್‌ಗೂ ಮೊದಲೇ ಆಚೆ ಬರುತ್ತದೆ. ಮಧ್ಯೆ ಮಧ್ಯೆ ಡ್ರಿಲ್ ಎತ್ತಿ ಇಳಿಸುವ ಪೆಕಿಂಗ್ ಕೂಡದು; ಪ್ರತಿ ಸಲ ಇಳಿದಾಗಲೂ ತಾನೇ ಉಜ್ಜಿ ಗಡಸು ಮಾಡಿದ ತಳಕ್ಕೆ ತಲೆ ಹೊಡೆಯುತ್ತದೆ.

ಚಿಪ್‌ಗಳನ್ನು ಬೇರೆ ಡ್ರಮ್‌ನಲ್ಲಿ ಇಟ್ಟಿದ್ದೇವೆ. ನಿಕ್ಕಲ್ ಇರುವ ಸ್ಕ್ರ್ಯಾಪ್‌ಗೆ ಉಕ್ಕಿನ ದರ ಹೇಳುವ ವ್ಯಾಪಾರಿ ಬಂದರೆ ವಾಪಸು ಕಳಿಸಿ. ಉಕ್ಕಿನ ಚೂರು ಬೆರೆತರೆ ಬೆಲೆ ಬೀಳುತ್ತದೆ. 718 ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಡ್ರಮ್‌ನಲ್ಲಿ ಅಯಸ್ಕಾಂತ ಆಡಿಸಿದರೆ ಉಕ್ಕಿನದು ಮಾತ್ರ ಮೇಲೆ ಬರುತ್ತದೆ. ಚಿಪ್ ಎಳೆಯಲು ಕೊಕ್ಕೆಯೇ ಬೇಕು. ಇದರ ಸುರುಳಿ ಬ್ಲೇಡಿನಷ್ಟು ಹರಿತ, ಕೈಗವಸನ್ನೂ ಸೀಳುತ್ತದೆ.

ಬಗೆಹರಿಯದೆ ಉಳಿದಿರುವುದು ಬೋರ್‌ನ ಒರಟು ಕೆಲಸ. ಒಳಗೆ 45 ಡಿಗ್ರಿ ಹೋಲ್ಡರ್‌ಗೆ ಜಾಗವಿಲ್ಲ. 32 ಮಿ.ಮೀ. ವ್ಯಾಸದ ಬೋರಿಂಗ್ ಬಾರ್ (ಒಳಗೆ ಹೋಗುವ ಟೂಲ್ ಸಲಾಕೆ), ಸಿಎನ್‌ಎಂಜಿ, ಅದೇ ಕಚ್ಚು. ತ್ರಿಜ್ಯದಲ್ಲಿ ತೆಗೆಯಬೇಕಾದದ್ದು ಒಟ್ಟು ಮೂರು ಮಿಲಿಮೀಟರ್, ಅದರಲ್ಲಿ 0.6 ಫಿನಿಷಿಂಗ್‌ಗೆ ಹೋದರೆ ಒರಟಿಗೆ ಉಳಿಯುವುದು 2.4, ಆಳ ಬದಲಿಸಿ ಆಡಲು ಹೆಚ್ಚು ಪಾಸ್‌ಗಳೂ ಇಲ್ಲ. ಮುಂದಿನ ಲಾಟ್‌ಗೆ ಎರಡು ಪಾಸ್‌ಗಳನ್ನೂ ಓರೆ ಮಾಡಿ ಬರೆಯುವ ಯೋಚನೆಯಿದೆ: ಮೊದಲನೆಯದು 1.6 ಆಳದಲ್ಲಿ ಆರಂಭವಾಗಿ 0.8ರಲ್ಲಿ ಮುಗಿಯುತ್ತದೆ, ಎರಡನೆಯದು ಅದರ ತಿರುವುಮುರುವು. ಹಾಗಾದರೆ ಗೆರೆ ಇಡೀ ಪಾಸ್‌ನುದ್ದಕ್ಕೂ ಅಂಚಿನ ಮೇಲೆ ಜಾರುತ್ತಾ ಹೋಗುತ್ತದೆ. ಪ್ರೋಗ್ರಾಮ್ ಬರೆದಾಗಿದೆ, ಗ್ರಾಹಕರು ಇನ್ನೊಂದು ಸೆಟ್ಟಿಂಗ್ ಉಂಗುರ ಕಳಿಸಬೇಕು.